ಮೈದಾನದ ಒಡೆಯರು

ವಿಜಯಪುರಕ್ಕೆ ಹೋದ ಪ್ರವಾಸಿಕರು ಕತ್ತನ್ನು ಮೇಲಕ್ಕೆತ್ತಿಕೊಂಡೇ ತಿರುಗಾಡುವದು ವಾಡಿಕೆ. ಗೋಲಗುಮ್ಮಟ, ಇಬ್ರಾಹೀಮ ರೋಜಾ, ಬಾರಾಕಮಾನು ಇವುಗಳ ವರ್ಣನೆಯನ್ನು ವಾಚಕರು ಅನೇಕ ಸಲ ಓದಿರಬಹುದಾದ್ದರಿಂದ ಅದನ್ನು ನಾವಿಲ್ಲಿ ಮತ್ತೆ ಬರೆಯುವದಿಲ್ಲ. ಈ ಸಲ ನಾವು ನೆಲವನ್ನು ನೋಡುತ್ತ ತಿರುಗಿದೆವು. ಸುಣ್ಣದಿಂದೆಳೆದ ಕೆಲವು ಗೆರೆಗಳೂ, ಆ ಗೆರೆಗಳ ಮಗ್ಗುಲಲ್ಲಿ ಸೀಟಿ ಹಿಡಿದು ನಿಂತ ಒಬ್ಬಿಬ್ಬರು ಮನುಷ್ಯರೂ ನಮ್ಮ ಪ್ರವಾಸದ ಉದ್ದೇಶವಾಗಿದ್ದವು.

ಆದರೂ ಶೇರ್ಜಾ ಬುರುಜನ್ನು ಹತ್ತದೆ ಮುಂದಕ್ಕೆ ಹೋಗಲು ಮನಸ್ಸು ಬರಲಿಲ್ಲ. ಅದರ ಮೇಲೆ 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ದೊಡ್ಡ ತೋಪು ಇದೆ. ಅದಕ್ಕೆ ಮಲಿಕ್-ಎ-ಮೈದಾನ, ಅಂದರೆ ಮೈದಾನದ ಒಡೆಯ, ಎಂದು ಹೆಸರು. ಆ ಒಡೆಯನು ಈಗ ಬಾಯಿ ತೆರೆದುಕೊಂಡು ಸುಮ್ಮನೆ ಬಿದ್ದಿದ್ದಾನೆ. ಈ ಸೀಮೆಯ ಮೈದಾನಗಳ ಒಡೆತನವು ಕಬಡ್ಡಿಯ ಪಂಚರ ಕೈಗೆ ಬಂದು ಬಹಳ ಕಾಲವಾಯಿತು.

ನಮ್ಮ ತಂದೆಯವರ ಕಾಲದಲ್ಲಿ ಈ ಆಟಕ್ಕೆ ಇಲ್ಲಿ ಹುತುತು ಎಂದೇ ಹೆಸರು. ಆಗ ಈ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದರಿಂದ ಮಹಾರಾಷ್ಟ್ರದ ಹೆಸರೂ ಆಟದ ರೀತಿಯೂ ಸಹಜವಾಗಿಯೇ ಬಂದವು. ತಮಿಳರು ಇದನ್ನೇ ಚಡುಗುಡು ಎನ್ನುವರು. ಊರಿಗೊಂದು ಹೆಸರಿದ್ದಂತೆ ಊರಿಗೊಂದು ನಿಯಮವೂ ಇದ್ದಿತು. ಸತ್ತವನು ತನ್ನ ಪಕ್ಷವು ಒಂದು ಅಂಕ ಗಳಿಸಿದ ಕೂಡಲೆ ಬದುಕಿ ಬರುವದು ಸಂಜೀವನಿ. ಇಡಿಯ ತಂಡವು ಸಾಯುವ ತನಕ ಹೊರಗೇ ಕೂಡ್ರುವದು ಗಾಮಿನಿ. ಸಾವೇ ಇಲ್ಲದೆ ಅಂಕ ಮಾತ್ರ ಎಣಿಸುವದು ಅಮರ. ಈ ಗೊಂದಲವನ್ನು ಬರಹಕ್ಕಿಳಿಸುವ ಯತ್ನವು 1921ರಲ್ಲಿ ಸಾತಾರೆಯಲ್ಲಿ ಆರಂಭವಾಯಿತು. 1923ರಲ್ಲಿ ಬಡೋದೆಯಲ್ಲಿ ಅಖಿಲ ಭಾರತ ಪಂದ್ಯವು ನಡೆಯಿತು. 1950ರಲ್ಲಿ ದೇಶಕ್ಕೆಲ್ಲ ಒಂದು ಕಬಡ್ಡಿ ಮಂಡಲ ಸ್ಥಾಪನೆಯಾದ ಮೇಲೆ ನಿಯಮಗಳು ಒಂದು ಹದಕ್ಕೆ ಬಂದವು. ಇಂದಿನ ಆಟವು ಸಂಜೀವನಿಯ ಮಗಳೆಂದು ತಿಳಿಯಬೇಕು.

ನಗರದಿಂದ ಅಥಣಿಯ ದಾರಿ ಹಿಡಿದು ಪಡುವಲಿಗೆ ಸುಮಾರು ನಾಲ್ಕು ಹರದಾರಿ ಹೋದರೆ ತಿಕೋಟೆ. ದಾರಿಯ ಎರಡೂ ಕಡೆಗೆ ದ್ರಾಕ್ಷಿಯ ತೋಟಗಳೂ, ಒಣದ್ರಾಕ್ಷಿ ಮಾಡುವ ಚಪ್ಪರಗಳೂ ಕಾಣುವವು. ಜೋಳವನ್ನಷ್ಟೇ ನಂಬಿ ಮಳೆಯ ದಾರಿ ಕಾಯುತ್ತಿದ್ದ ಭೂಮಿಯಿದು. ಈಗ ಹಸುರಾಗಿರುವದನ್ನು ನೋಡಿ ಹಿಂದಿನ ಬರಗಾಲಗಳನ್ನು ಕಂಡವರು ದಂಗಾಗುವರು. ಆದರೆ ಎರಿಯ ನೆಲವು ಬೆಳೆಗೆ ಎಷ್ಟು ಒಳ್ಳೆಯದೋ ಕಬಡ್ಡಿಗೆ ಅಷ್ಟೇ ಕೆಟ್ಟದು. ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವದು. ಒಂದು ಮಳೆ ಬಿದ್ದರೆ ಕಾಲಿಗೆ ಹಿಟ್ಟಿನಂತೆ ಮೆತ್ತುವದು. ಆದ್ದರಿಂದ ಜಾತ್ರೆಯ ಪಂದ್ಯಕ್ಕೆ ಎಂಟು ದಿವಸ ಮೊದಲೇ ಹುಡುಗರು ಮಸಾರಿ ಮಣ್ಣು ತಂದು, ಹರಳು ಆರಿಸಿ, ನೀರು ಹೊಡೆದು ಕಣವನ್ನು ಸಿದ್ಧಗೊಳಿಸುವರು. ಈಗ ಪಟ್ಟಣಗಳ ದೊಡ್ಡ ಪಂದ್ಯಗಳಲ್ಲಿ ಮ್ಯಾಟು ಹಾಸುವರು. ಮಣ್ಣಿನಲ್ಲಿ ಆಡಿದವನು ಮ್ಯಾಟಿನ ಮೇಲೆ ಮೊದಲ ದಿನ ಜಾರಿಬೀಳುವನು ಎಂದು ಅಲ್ಲಿಯ ಹುಡುಗರು ನಗುತ್ತ ಹೇಳಿದರು.

ನಾವು ಹೋದ ಹೊತ್ತಿಗೆ ಗೆರೆ ಹಾಕುವ ಕೆಲಸ ನಡೆದಿತ್ತು. ಅಲ್ಲಿಯ ಹಿರಿಯ ಪಂಚರೊಬ್ಬರು, ನಿವೃತ್ತ ಮಾಸ್ತರರು, ಕೈಯಲ್ಲಿ ಟೇಪು ಹಿಡಿದು ಹುಡುಗರನ್ನು ಗದರಿಸುತ್ತಿದ್ದರು: "ಒಂದು ಗೇಣು ಅಂದ್ರ ಗೇಣs ಅಲ್ಲೇನೋ ತಮ್ಮಾ? ಸಂಜೀಮುಂದ ಆ ಗೇಣಿಗೇ ಬಡದಾಡ್ತೀರಿ." ಗಂಡಸರ ಕಣವು ಉದ್ದ 13 ಮೀಟರು, ಅಗಲ 10 ಮೀಟರು. ನಡುಗೆರೆಯಿಂದ 3.75 ಮೀಟರಿಗೆ ಬಾಕ್ ಗೆರೆ. ಅದರಾಚೆ ಒಂದು ಮೀಟರಿಗೆ ಬೋನಸ್ ಗೆರೆ. ಎರಡೂ ಮಗ್ಗುಲಿಗೆ ಒಂದೊಂದು ಮೀಟರು ಅಗಲದ ಪಟ್ಟಿಗೆ ಲಾಬಿ ಎನ್ನುವರು. ಈ ಲಾಬಿಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಜಗಳವೆಲ್ಲ ಅಲ್ಲಿಯೇ ಹುಟ್ಟುವದು.

ಪಕ್ಷಕ್ಕೆ ಏಳು ಮಂದಿ. 20 ಮಿನಿಟು ಆಟ, 5 ಮಿನಿಟು ವಿಶ್ರಾಂತಿ, ಮತ್ತೆ 20 ಮಿನಿಟು. ದಾಳಿಗೆ ಹೋದವನು, ಹುಡುಗರ ಬಾಯಲ್ಲಿ ರೇಡರ್, ಎದುರಿನವರನ್ನು ಮುಟ್ಟಿ ತನ್ನ ಕಡೆಗೆ ಬಂದರೆ ಮುಟ್ಟಿಸಿಕೊಂಡವರೆಲ್ಲರೂ ಔಟು. ಅವರು ಅವನನ್ನು ಹಿಡಿದು ನಿಲ್ಲಿಸಿದರೆ ಅವನು ಔಟು. ಒಂದು ಪಕ್ಷದ ಏಳೂ ಮಂದಿ ಹೊರಬಿದ್ದರೆ ಲೋನಾ. ಗೆದ್ದವರಿಗೆ ಮೇಲೆ ಎರಡು ಅಂಕ. ಇಷ್ಟು ತಿಳಿದರೆ ಗೃಹಿಣಿಯರೂ ಮಕ್ಕಳೊಡನೆ ಕುಳಿತು ಆಟ ನೋಡಬಹುದು. ಆದರೆ ಪಂಚರ ಕಷ್ಟವು ಇದರ ಮುಂದೆ ಮೊದಲಾಗುವದು.

ಮೊದಲನೆಯದು ಉಸುರು. ದಾಳಿಯವನು ಎದುರಾಳಿಯ ನೆಲವನ್ನು ಮೆಟ್ಟುವ ಮೊದಲೇ "ಕಬಡ್ಡಿ, ಕಬಡ್ಡಿ" ಎಂಬ ನುಡಿಯನ್ನು ಆರಂಭಿಸಿರಬೇಕು. ಅದನ್ನು ಒಂದೇ ಉಸುರಿನಲ್ಲಿ, ಕಡಿಯದಂತೆ, ಕೇಳಿಸುವಂತೆ ನುಡಿಯಬೇಕು. ತಡವಾಗಿ ಆರಂಭಿಸಿದರೆ ಅವನನ್ನು ಹಿಂದಕ್ಕೆ ಕಳಿಸಿ ಎದುರಿನವರಿಗೆ ಒಂದು ಅಂಕ ಕೊಡುವರು. ಎದುರಿನ ನೆಲದಲ್ಲಿ ಉಸುರು ಕಡಿದರೆ ಅವನೇ ಔಟು. ಬರಹದಲ್ಲಿ ಇದು ಎಷ್ಟು ಸುಲಭ! ಸಾವಿರ ಜನ ಕೇಕೆ ಹಾಕುತ್ತಿರುವಾಗ, ಹಲಗೆಗಳು ಬಡಿಯುತ್ತಿರುವಾಗ, ಒಬ್ಬ ಹುಡುಗನ ತುಟಿಗಳ ನಡುವೆ ನುಡಿ ಕಡಿಯಿತೋ ಇಲ್ಲವೋ ಎಂಬುದನ್ನು ಯಾರು ಕೇಳಬೇಕು? ಗೋಲಗುಮ್ಮಟದ ಒಳಗಿನ ಮೊಗಸಾಲೆಯಲ್ಲಿ ಪಿಸುಮಾತು ಕೂಡ ಆಚೆಯ ಗೋಡೆಗೆ ಮುಟ್ಟುವದು. ಆದರೆ ಜಾತ್ರೆಯ ಬಯಲಿಗೆ ಗುಮ್ಮಟವಿಲ್ಲ. "ಕಿವಿಗಿಂತ ಕಣ್ಣು ಇಡಬೇಕ್ರೀ," ಎಂದರು ಮಾಸ್ತರರು. "ತುಟಿ ನೋಡಬೇಕು, ಎದಿ ನೋಡಬೇಕು. ಉಸುರು ತಗೊಂಡಾಂವನ ಎದಿ ಏಳತೈತಿ. ಅದು ಮುಚ್ಚಂಗಿಲ್ಲ." ಹಿಂದಿನ ಕಾಲದಲ್ಲಿ ಉಸುರೇ ಗಡಿಯಾರವಾಗಿತ್ತು. ಈಗ ಒಂದು ದಾಳಿಗೆ 30 ಸೆಕೆಂಡೆಂದು ಕಟ್ಟಳೆಯಿರುವದರಿಂದ ಈ ಪರೀಕ್ಷೆಯ ಬಿಗಿ ಸ್ವಲ್ಪ ಸಡಿಲಾಗಿದೆಯೆಂದು ನಮಗೆ ತೋರಿತು.

ಬೋನಸ್ ಅಂಕದ ವಿಚಾರವೂ ಸೂಕ್ಷ್ಮವೇ. ಎದುರಿಗೆ ಆರು ಅಥವಾ ಏಳು ಮಂದಿಯಿದ್ದಾಗ ಮಾತ್ರ ಅದಕ್ಕೆ ಅವಕಾಶ. ದಾಳಿಯವನು ಒಂದು ಕಾಲನ್ನು ಬೋನಸ್ ಗೆರೆಯಾಚೆ ಊರಿದಾಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಆ ಹಿಂದಿನ ಹೆಬ್ಬೆರಳು ನೆಲಕ್ಕೆ ತಾಗಿತ್ತೇ ಇಲ್ಲವೇ ಎಂಬುದಕ್ಕಾಗಿ ಎರಡು ಊರುಗಳು ವರ್ಷಗಟ್ಟಲೆ ಮಾತು ಬಿಟ್ಟಿರಬಹುದು. ಹಿಡಿಯುವವರಿಗೂ ಕಟ್ಟುಗಳಿವೆ: ಬಾಯಿ ಮುಚ್ಚಬಾರದು, ಕುತ್ತಿಗೆ ಹಿಸುಕಬಾರದು, ಕೂದಲು ಅಂಗಿ ಜಗ್ಗಬಾರದು, ಕಾಲುಗಳನ್ನು ಕತ್ತರಿಯಂತೆ ಹೆಣೆದು ಕೆಡವಬಾರದು, ಬೇಕೆಂದು ಗೆರೆಯಾಚೆಗೆ ನೂಕಬಾರದು. ಆಟಗಾರರ ಉಗುರು ಕತ್ತರಿಸಿರಬೇಕು. ಮೈಗೆ ಎಣ್ಣೆ ಹಚ್ಚಿರಬಾರದು. ಆಟಕ್ಕೆ ಮೊದಲು ಪಂಚರು ಹುಡುಗರ ಬೆರಳುಗಳನ್ನು ಮದುವೆಗೆ ಹೆಣ್ಣು ನೋಡುವವರಂತೆ ತಿರುವಿ ತಿರುವಿ ನೋಡುತ್ತಿದ್ದುದು ನಮಗೆ ನಗೆ ತರಿಸಿತು. ತಪ್ಪಿಗೆ ಹಸುರು ಚೀಟಿ ತೋರಿಸಿದರೆ ಎಚ್ಚರಿಕೆ. ಹಳದಿಗೆ ಎರಡು ಮಿನಿಟು ಹೊರಗೆ. ಕೆಂಪಿಗೆ ಆ ದಿನದ ಆಟವೇ ಮುಗಿಯಿತು.

ಇನ್ನು ಲಾಬಿ. ಯಾರೂ ಯಾರನ್ನೂ ಮುಟ್ಟದಿರುವ ತನಕ ಆ ಪಟ್ಟಿಯು ಕಣದ ಹೊರಗಿನ ನೆಲ; ಮುಟ್ಟಿದ ಕ್ಷಣಕ್ಕೆ ಅದು ಕಣದ ಒಳಗಿನ ನೆಲ. ಗೆರೆ ಅದೇ, ಮಣ್ಣು ಅದೇ. ಒಂದು ಬೆರಳಿನ ಸ್ಪರ್ಶದಿಂದ ಅದರ ಜಾತಿಯೇ ಬದಲಾಗುವದು. ಸಂಜೆಯ ಆಟದಲ್ಲಿ ನಾವು ಕಂಡದ್ದೂ ಇದೇ. ಆಟ ಮುಗಿಯಲು ಎರಡು ಮಿನಿಟು ಉಳಿದಿತ್ತು, ಅಂಕಗಳು ಸಮನಾಗಿದ್ದವು. ತಿಕೋಟೆಯ ಕಡೆಯ ಹುಡುಗನೊಬ್ಬನು ದಾಳಿಗೆ ಹೋಗಿ ಮೂಲೆಯವನತ್ತ ಕೈ ಚಾಚಿ, ತಪ್ಪಿಸಿಕೊಳ್ಳುವ ಭರದಲ್ಲಿ ಲಾಬಿಗೆ ಕಾಲಿಟ್ಟನು. ಮುಟ್ಟಿದ್ದರೆ ಅಂಕ ಅವನದು. ಮುಟ್ಟದಿದ್ದರೆ ಅವನೇ ಔಟು. ಮೈದಾನವೆಲ್ಲ ಎದ್ದು ನಿಂತಿತು. "ಮುಟ್ಯಾನ್ರೀ, ಪಂಚರ!" "ಎಲ್ಲಿ ಮುಟ್ಯಾನ, ಗಾಳಿ ಮುಟ್ಯಾನ!" ಹತ್ತಿರದ ಪಂಚನು ಔಟೆಂದನು, ಎದುರು ಮಗ್ಗುಲಿನ ಪಂಚನು ಮುಟ್ಟಿದುದನ್ನು ಕಂಡೆನೆಂದನು. ನಿಯಮದ ಪ್ರಕಾರ ಪಂಚರ ಮಾತೇ ಕಡೆಯದು. ಅವರಿಬ್ಬರಲ್ಲಿ ಭೇದ ಬಂದಾಗ ಮಾತ್ರ ಮೇಲಿನ ನಿರ್ಣಾಯಕನು ಹೇಳಬೇಕು. ನಿರ್ಣಾಯಕರಾಗಿದ್ದವರು ನಮ್ಮ ಮಾಸ್ತರರೇ; ಆ ಹುಡುಗನು ಅವರದೇ ಓಣಿಯವನೆಂದು ನಮಗೆ ಆಮೇಲೆ ತಿಳಿಯಿತು. ಅವರು ಇಬ್ಬರನ್ನೂ ಬೇರೆ ಬೇರೆ ಕರೆದು ಎಲ್ಲಿ ನಿಂತು ನೋಡಿದಿರೆಂದು ಕೇಳಿದರು. ದೂರದ ಪಂಚನ ಕಣ್ಣಿಗೂ ಹುಡುಗನ ಕೈಗೂ ನಡುವೆ ಮತ್ತಿಬ್ಬರು ಆಟಗಾರರಿದ್ದರು. ಔಟೆಂದು ಸೀಟಿ ಊದಿದರು. ಅವರ ಊರಿನವರೇ ಅವರಿಗೆ ಆಡಬಾರದ ಮಾತುಗಳನ್ನಾಡಿದರು. ಅವರು ಗಡಿಯಾರ ನೋಡುತ್ತ ನಿಂತರು.

ಇಂಥ ತಕರಾರು ಹಳ್ಳಿಗರ ಹಟದಿಂದ ಮಾತ್ರ ಹುಟ್ಟುವದೆಂದು ಯಾರೂ ತಿಳಿಯಬಾರದು. 2023ರ ಅಕ್ಟೋಬರ 7ರಂದು ಚೀನದ ಹಾಂಗ್‌ಝೌ ಪಟ್ಟಣದಲ್ಲಿ ಏಶಿಯನ್ ಕ್ರೀಡೆಗಳ ಅಂತಿಮ ಪಂದ್ಯವು ಭಾರತಕ್ಕೂ ಇರಾಣಕ್ಕೂ ನಡೆದಾಗ ಅಂಕಗಳು 28-28 ಆಗಿದ್ದವು. ನಮ್ಮ ನಾಯಕ ಪವನ ಸೆಹ್ರಾವತನು ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟನು. ಇರಾಣದ ಆಟಗಾರರು ಅವನ ಬೆನ್ನು ಹತ್ತಿ ತಾವೂ ಲಾಬಿಗೆ ಬಂದರು. ಹಳೆಯ ನಿಯಮದ ಪ್ರಕಾರ ಹಿಂದೆ ಬಂದವರೂ ಔಟು. ಹೊಸ ನಿಯಮದ ಪ್ರಕಾರ ಅವನು ಕಾಲಿಟ್ಟಲ್ಲಿಗೆ ದಾಳಿ ಮುಗಿಯಿತು. ಯಾವ ನಿಯಮವು ಜಾರಿಯಲ್ಲಿದೆಯೆಂಬ ವಾದದಲ್ಲಿ ನಿರ್ಣಯವು ಮತ್ತೆ ಮತ್ತೆ ಬದಲಾಯಿತು. ಆಟಗಾರರು ಕಣದಲ್ಲಿಯೇ ಕುಳಿತರು. ಸುಮಾರು ಒಂದು ತಾಸು ಆಟವು ನಿಂತಿತು. ಕೊನೆಗೆ ಭಾರತವು 33-29ರಿಂದ ಗೆದ್ದಿತು. ಗೆಲವು ನಮ್ಮದೇ ಆದರೂ, ನಿಯಮವು ಪಂದ್ಯದ ನಡುವೆ ಚರ್ಚೆಗೆ ಬರುವದು ಆಟಕ್ಕೆ ಶೋಭೆಯಲ್ಲವೆಂದೇ ನಮ್ಮ ಮತ. ತಿಕೋಟೆಯ ಮಾಸ್ತರರು ಮೂರು ಮಿನಿಟಿನಲ್ಲಿ ಮುಗಿಸಿದ್ದರು.

ಐರ್ಲಂಡ ದೇಶದವರೂ ನಮ್ಮಂತೆಯೇ ತಮ್ಮ ಹಳ್ಳಿಯ ಆಟವನ್ನು ಕಟ್ಟಳೆಗೆ ತಂದವರು. ಅವರ ಗೇಲಿಕ್ ಫುಟ್‌ಬಾಲಿನ ಸಂಘವು 1884ರಲ್ಲಿ ಹುಟ್ಟಿತು. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಹೋಗಕೂಡದು. ನೆಲಕ್ಕೆ ಪುಟಿಸಬೇಕು, ಇಲ್ಲವೆ ಕಾಲಿನಿಂದ ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಓಡುವವನ ನಾಲ್ಕು ಹೆಜ್ಜೆ ಎಣಿಸುವದಕ್ಕೂ ನಮ್ಮವರು ಉಸುರು ಅಳೆಯುವದಕ್ಕೂ ಹೆಚ್ಚಿನ ಅಂತರವಿಲ್ಲ. 2025ರಲ್ಲಿ ಅವರು ನಿಯಮಗಳನ್ನು ಬಹಳ ಬದಲಿಸಿದರು. ನಿರ್ಣಾಯಕನೊಡನೆ ವಾದಿಸಿದರೆ ಎದುರಾಳಿಯ ಚೆಂಡನ್ನು 50 ಮೀಟರು ಮುಂದಕ್ಕೆ ಒಯ್ಯುವ ಶಿಕ್ಷೆಯೂ ಅವುಗಳಲ್ಲೊಂದು. ಈ ಪದ್ಧತಿಯನ್ನು ತಿಕೋಟೆಯಲ್ಲಿ ತಂದರೆ ಆಟವು ಅಥಣಿಗೆ ಹೋಗಿ ಮುಟ್ಟೀತು!

ಮರುದಿವಸ ಬಬಲೇಶ್ವರಕ್ಕೆ ಹೋದೆವು. ಊರ ಹೊರಗೆ ಬೆಳಗಿನ ಹೊತ್ತು ಹೆಣ್ಣುಮಕ್ಕಳು ಅಭ್ಯಾಸ ಮಾಡುತ್ತಿದ್ದರು. ಅವರ ಕಣವು 12 ಮೀಟರು ಉದ್ದ, 8 ಮೀಟರು ಅಗಲ. 2010ರಲ್ಲಿ ಹೆಂಗಸರ ಕಬಡ್ಡಿಯು ಏಶಿಯನ್ ಕ್ರೀಡೆಗಳಲ್ಲಿ ಮೊದಲ ಸಲ ಸೇರಿದಾಗ ಚಿನ್ನ ಗೆದ್ದ ತಂಡದಲ್ಲಿ ನಮ್ಮ ನಾಡಿನ ತೇಜಸ್ವಿನಿ ಬಾಯಿಯವರಿದ್ದರು. ಮರುವರ್ಷ ಅವರಿಗೆ ಅರ್ಜುನ ಪ್ರಶಸ್ತಿಯೂ ಬಂದಿತು. ಆ ಹೆಸರನ್ನು ಈ ಹುಡುಗಿಯರು ಚೆನ್ನಾಗಿ ಬಲ್ಲರು. ಮಗಳಿಗೆ ನೀರಿನ ಬಾಟಲಿ ಹಿಡಿದು ನಿಂತಿದ್ದ ತಾಯಿಯೊಬ್ಬಳು ನಮ್ಮೊಡನೆ ಮಾತಾಡಿದಳು. ರೇಲ್ವೆಯಲ್ಲಿಯೂ ಪೋಲೀಸಿನಲ್ಲಿಯೂ ಆಟಗಾರರಿಗೆ ನೌಕರಿ ಸಿಗುವವೆಂಬುದು ಅವಳಿಗೆ ಗೊತ್ತು. "ಜಿಲ್ಲಾ ಟೀಮಿಗೆ ಆರಿಸೋ ದಿನ ಪಂಚರು ಒಂದು ತಪ್ಪು ಸೀಟಿ ಊದಿದ್ರ ನಮ್ಮ ಹುಡುಗಿ ಹೊಲಕ್ಕ ವಾಪಸ್ಸು ಬರತೈತ್ರೀ," ಎಂದಳು. ಅದಕ್ಕೆ ಉತ್ತರವಾಗಿ ನಮ್ಮ ಬಾಯಲ್ಲಿ ಮಾತು ಹುಟ್ಟಲಿಲ್ಲ.

ಆ ಗುಂಪಿನಲ್ಲಿ ಮೊಣಕಾಲು ನೋವಾಗಿ ಆಟ ಬಿಟ್ಟ ಹುಡುಗಿಯೊಬ್ಬಳಿದ್ದಳು. ಅವಳು ಪಂಚರ ಪರೀಕ್ಷೆಗೆ ಓದುತ್ತಿದ್ದಳು. ನಿಯಮದ ಪುಸ್ತಕದ ಹಾಳೆಗಳು ಬೆವರಿಗೆ ಮೆತ್ತಗಾಗಿದ್ದವು. ಪಂಚರಿಗೆ ಸಂಬಳವೆಷ್ಟೆಂದು ಕೇಳಿದೆವು. ಹಳ್ಳಿಯ ಪಂದ್ಯಗಳಲ್ಲಿ ಒಂದು ಊಟ, ಒಂದು ಟವೆಲು, ಒಂದು ತೆಂಗಿನಕಾಯಿ, ಹೋಗಿಬರುವ ಬಸ್ಸಿನ ಖರ್ಚು ಎಂದಳು. ಅಷ್ಟರಲ್ಲಿ ಕಣದಲ್ಲಿ ಗದ್ದಲವೆದ್ದಿತು. ಲಾಬಿಯಲ್ಲಿ ಇಬ್ಬರು ಬಿದ್ದಿದ್ದರು. ಅವಳು ಪುಸ್ತಕವನ್ನು ನಮ್ಮ ಕೈಗೆ ಕೊಟ್ಟು, ಕುಂಟುತ್ತ ಓಡಿಹೋಗಿ ಸೀಟಿ ಊದಿದಳು.