ಫುಫ್ಫಿಯ ದಸ್ತಖತ್ತು

ಕಾಗವಾಡದಿಂದ ವಿಜಯಪುರ ನೂರು ಕಿಲೋಮೀಟರಿಗೂ ಹೆಚ್ಚು. ಬಸ್ಸಿದ್ದರೂ ಎಪ್ಪತ್ತೆಂಟರ ಅಬ್ಬಾಗೆ ನನ್ನ ಬೈಕೇ ಬೇಕಿತ್ತು, ಮನಸ್ಸಾದಲ್ಲಿ ಇಳಿಯಬಹುದಲ್ಲ! ಅವರ ಜೇಬಿನಲ್ಲಿ ಫುಫ್ಫಿ ಸಹಿ ಹಾಕಬೇಕಿದ್ದ ಹಕ್ಕುಬಿಡುಗಡೆ ಪತ್ರ, ನನ್ನ ಚೀಲದಲ್ಲಿ ಒಂದು ಸೀರೆ.

ನಮ್ಮ ಕಡೆ ಇವೆರಡೂ ಜೊತೆಯಾಗಿಯೇ ಹೊರಡುತ್ತವೆ. ಕುರ್‌ಆನಿನ ನಿಸಾ ಅಧ್ಯಾಯ ಮಗನ ಪಾಲಿನ ಅರ್ಧವನ್ನು ಮಗಳಿಗೆ ಖಚಿತಪಡಿಸಿದೆ. 1937ರ ಶರೀಅತ್ ಕಾಯ್ದೆಯೇನೋ ಕೃಷಿ ಜಮೀನನ್ನು ಹೊರಗಿಟ್ಟಿತ್ತು. ಆದರೆ ಗಂಡಸರಿಗೆ ಕಾಯ್ದೆಗಿಂತ ಹೆಚ್ಚು ನೆರವಾದದ್ದು ಅಕ್ಕತಂಗಿಯರ ದಾಕ್ಷಿಣ್ಯ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಗೆ ಎಷ್ಟು ಹೆಬ್ಬೆಟ್ಟುಗಳು ಬಿದ್ದಿವೆಯೋ!

ಅಥಣಿಯಲ್ಲಿ ಚಹಾ ಕುಡಿದೆವು. ತೆಲಸಂಗ ದಾಟಿ, ತಿಕೋಟಾ ಹತ್ತಿರ ಒಣದ್ರಾಕ್ಷಿ ಶೆಡ್ಡೊಂದರ ನೆರಳಿಗೆ ನಿಂತಾಗ ಅಬ್ಬಾ ಒಂದು ಕಿಲೋ ಕೊಂಡರು. "ಆಪಾ ನನ್ನನ್ನು ಕಂಕುಳಲ್ಲಿ ಹೊತ್ತುಕೊಂಡೇ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು" ಎಂದರು. ಮತ್ತೆ ಗಾಡಿ ಹತ್ತಿದ ಮೇಲೆ ಮಾತಿಲ್ಲ. ನನ್ನ ಹೆಗಲ ಮೇಲಿನ ಅವರ ಕೈ ಮಾತ್ರ ಭಾರವಾಗಿತ್ತು. ಇಬ್ರಾಹಿಂ ರೋಜಾದ ಮಿನಾರುಗಳು ಕಂಡಾಗಲೂ ಸುಮ್ಮನಿದ್ದರು.

ಫುಫ್ಫಿ ಸೀರೆ ನೋಡಿ ನಕ್ಕರು.

"ದಸ್ತಖತ್ ಎಲ್ಲಿ ಮಾಡಲಿ, ಹೇಳು."

ಅಬ್ಬಾ ಒಣದ್ರಾಕ್ಷಿಯ ಪೊಟ್ಟಣ ಅವರ ಕೈಗಿಟ್ಟರು. ಜೇಬಿಗೆ ಕೈ ಹೋಗಲಿಲ್ಲ.

"ದಸ್ತಖತ್ ಬೇಡ ಆಪಾ. ಹೊಲ ಅಳೆಸಬೇಕು. ನೀನು ಬರಬೇಕು."

ಫುಫ್ಫಿ ಅವರಿಗೆ ಉತ್ತರ ಕೊಡದೆ ನನ್ನತ್ತ ತಿರುಗಿದರು: "ನೀವು ಅಣ್ಣತಮ್ಮಂದಿರು ಒಪ್ಪುತ್ತೀರೇನು, ಬೇಟಾ?"

ನಾನು ಒಪ್ಪಿದೆ. ತಮ್ಮಂದಿರಿಬ್ಬರೂ ಅಬ್ಬಾನೊಡನೆ ಇನ್ನೂ ಮಾತು ಬಿಟ್ಟಿದ್ದಾರೆ. ಮೋಜಣಿಗೆ ಅರ್ಜಿ ಹಾಕಿದ್ದೇವೆ.