ಹಿಮಾಲಯದ ಬುಡದಲ್ಲಿ ಒಂದು ಗುಂಡಿ

ಹಿಮಾಲಯ ಇನ್ನೂ ಬೆಳೆಯುತ್ತಿದೆ ಎಂದು ಸಮಾಜ ಪಾಠದಲ್ಲಿ ಓದಿದ್ದೇವೆ. ಅದನ್ನು ಯಾರು ಕಂಡರು ಅಂತ ನನಗೆ ಅನುಮಾನ ಇತ್ತು. ನಮ್ಮ ವಿಜ್ಞಾನದ ಮೇಷ್ಟ್ರು ನೇಪಾಳದ ಸಿರ್ ಎಂಬ ಹೊಳೆಯ ವಿಷಯ ಹೇಳಿದ ಮೇಲೆ ನಂಬಿಕೆ ಬಂತು. ಆ ಹೊಳೆ ಬರ್ದಿಬಾಸ್ ಊರಿನ ಹತ್ತಿರ, ಬೆಟ್ಟ ಮುಗಿದು ಬಯಲು ಶುರುವಾಗುವ ಜಾಗದಲ್ಲಿದೆ. ನಮ್ಮ ತರಗತಿಯ ನೇಪಾಳದ ಗೆಳೆಯನ ಅಜ್ಜಿಯ ಮನೆಯೂ ಆ ಕಡೆಯೇ. (ಅವನ ಅಪ್ಪ ಇಲ್ಲಿ ತೋಟ ಕಾಯುತ್ತಾರೆ, ನಿಮಗೆಲ್ಲ ಗೊತ್ತು.) ಹಾಗಾಗಿ ಅವನು ಅವತ್ತು ಮುಂದಿನ ಸಾಲಿಗೇ ಬಂದು ಕೂತ.

1934ರ ಜನವರಿ 15ರಂದು ಬಿಹಾರ ಮತ್ತು ನೇಪಾಳದಲ್ಲಿ ದೊಡ್ಡ ಭೂಕಂಪ ಆಯಿತು. 10,000ಕ್ಕಿಂತ ಹೆಚ್ಚು ಜನ ಸತ್ತರು. ಭೂಮಿಯೊಳಗೆ ಬಂಡೆ ಸೀಳಿ ಜಾರುವ ಜಾಗಕ್ಕೆ ಸ್ತರಭಂಗ ಎನ್ನುತ್ತಾರೆ. ಆ ಸೀಳು ನೆಲದ ಮೇಲೆ ಎಲ್ಲಿ ಬಂತು ಎಂದು ಬಹಳ ವರ್ಷ ಯಾರಿಗೂ ಸಿಕ್ಕಿರಲಿಲ್ಲ. ನೇಪಾಳ, ಫ್ರಾನ್ಸ್, ಸಿಂಗಪುರದ ವಿಜ್ಞಾನಿಗಳು ಸೇರಿ ಹುಡುಕಿ 2013ರಲ್ಲಿ ಪ್ರಕಟಿಸಿದರು.

ಹೊಳೆ ದಂಡೆಯಲ್ಲಿ ನೆಲ ಮೆಟ್ಟಿಲಿನಂತೆ ಎದ್ದ ಜಾಗ ನೋಡಿ, ಧರೆ ಕೆರೆದು, ಗುಂಡಿ ತೋಡಿದರಂತೆ. ನಮ್ಮೂರಲ್ಲಿ ಬಾವಿ ತೆಗೆಯುವಾಗ ನೋಡಿದ್ದೀರಲ್ಲ, ಮೇಲೆ ಕೆಮ್ಮಣ್ಣು, ಆಮೇಲೆ ಜಂಬಿಟ್ಟಿಗೆ, ಕೆಳಗೆ ಜೇಡಿ. ಹಾಗೆ ಅಲ್ಲಿ ಹೊಳೆ ತಂದ ಮರಳು, ಕಲ್ಲು, ಮಣ್ಣಿನ ಪದರಗಳು. ಆದರೆ ಕೆಳಗಿನ ಪದರಗಳು ತುಂಡಾಗಿ, ಒಂದು ಕಡೆಯದು ಇನ್ನೊಂದು ಕಡೆಯದರ ಮೇಲೆ ಹತ್ತಿ ಕೂತಿದ್ದವು. ಅವುಗಳ ಮೇಲೆ ಬಿದ್ದ ಪದರ ಮಾತ್ರ ಮುರಿದಿರಲಿಲ್ಲ. ಅಂದರೆ ಕೆಳಗಿನದು ಬಿದ್ದ ಮೇಲೆ, ಮೇಲಿನದು ಬೀಳುವ ಮುಂಚೆ ಭೂಕಂಪ ಆಗಿದೆ! ಮಣ್ಣಿನಲ್ಲಿ ಸಿಕ್ಕ ಇದ್ದಿಲ ಚೂರುಗಳಿಂದ ವಯಸ್ಸು ಲೆಕ್ಕ ಹಾಕಿದರು. ಮರ ಸತ್ತ ಮೇಲೆ ಅದರಲ್ಲಿರುವ ಕಾರ್ಬನ್ 14 ನಿಧಾನವಾಗಿ ಕಡಿಮೆ ಆಗುತ್ತಾ ಹೋಗುತ್ತದೆ. ನಾವು ಇದ್ದಿಲಲ್ಲಿ ಹಲ್ಲುಜ್ಜುತ್ತೇವೆ ಅಷ್ಟೆ.

ಅಲ್ಲಿ ಸಿಕ್ಕಿದ್ದು ಎರಡು ಭೂಕಂಪದ ಗುರುತು. ಒಂದು 1934ರದ್ದು, ಇನ್ನೊಂದು 1255ರದ್ದು. 1255ರ ಭೂಕಂಪದಲ್ಲಿ ರಾಜ ಅಭಯ ಮಲ್ಲನೇ ತೀರಿಕೊಂಡನಂತೆ.

ನನ್ನ ಗೆಳೆಯ ಕೂಡಲೇ ಸ್ಲೇಟು ತಗೊಂಡು ಕಳೆದು ನೋಡಿದ. 679 ವರ್ಷ ಬಂತು. ಅದನ್ನು 1934ಕ್ಕೆ ಕೂಡಿಸಿದ. "2613ಕ್ಕೆ ಬರೋದು ಸಾರ್! ಹಂಗಾದ್ರೆ ನಮ್ಮಜ್ಜಿಗೆ ಏನೂ ಆಗಲ್ಲ" ಅಂದ. ಎಲ್ಲರೂ ನಕ್ಕೆವು. ಮೇಷ್ಟ್ರು ನಗಲಿಲ್ಲ. "ಅದು ಬಸ್ಸಿನ ಟೈಮಲ್ಲ ಕಣೋ. ಎರಡೇ ಸಲದ್ದು ನೋಡಿ ಮೂರನೇದು ಹೇಳಕ್ಕಾಗಲ್ಲ" ಅಂದರು. ಭಾರತದ ನೆಲ ಹಿಮಾಲಯವನ್ನು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಒತ್ತುತ್ತಲೇ ಇದೆ. 2015ರ ಏಪ್ರಿಲ್ 25ರಂದು ಪಶ್ಚಿಮದ ಗೋರ್ಖಾ ಕಡೆ ಭೂಕಂಪ ಆಗಿ ಸುಮಾರು 9,000 ಜನ ಸತ್ತರು. ಆಗ ಸೀಳು ಬೆಟ್ಟದ ಬುಡದವರೆಗೆ ಬರಲೇ ಇಲ್ಲ, ಒಳಗೇ ನಿಂತಿತು.

ಅವನ ಮುಖ ಸಣ್ಣದಾಯಿತು. ಅಜ್ಜಿಯ ಮನೆ ಕಲ್ಲು ಮಣ್ಣಿನದು, ಅದರ ಮೇಲೆ ಮಾವ ಇನ್ನೊಂದು ಅಂತಸ್ತು ಕಟ್ಟಬೇಕು ಅಂತಿದ್ದಾರೆ. ಬಾಗಿಲು ಕಿಟಕಿಯ ಮೇಲೆ ಇಡೀ ಮನೆ ಸುತ್ತ ಕಬ್ಬಿಣ ಹಾಕಿ ಒಂದೇ ಕಾಂಕ್ರೀಟ್ ಪಟ್ಟಿ ಕೊಟ್ಟರೆ ಗೋಡೆಗಳು ಬೇರೆ ಬೇರೆಯಾಗಿ ಬೀಳುವುದಿಲ್ಲ ಎಂದು ಮೇಷ್ಟ್ರು ಬೋರ್ಡಿನಲ್ಲಿ ಬರೆದು ತೋರಿಸಿದರು. ಅವನು ಆ ಚಿತ್ರ ಬರೆದುಕೊಂಡು, ರಾತ್ರಿ ಅಪ್ಪನ ಫೋನಿನಲ್ಲಿ ಮಾವನಿಗೆ ಹೇಳಿದನಂತೆ. ಕಬ್ಬಿಣಕ್ಕೆ ದುಡ್ಡು ಎಲ್ಲಿಂದ ತರಲಿ ಅಂತ ಮಾವ ಕೇಳಿದರಂತೆ, ಇನ್ನೂ ಹೂಂ ಅಂದಿಲ್ಲ. ದಶೈನ್ ಹಬ್ಬಕ್ಕೆ ಊರಿಗೆ ಹೋದಾಗ ಮತ್ತೆ ಕೇಳುತ್ತಾನಂತೆ. ಹಾಗೇ ಹೊಳೆಯ ಆ ಧರೆಯನ್ನೂ ನೋಡಿ ಬಾ ಅಂದಿದ್ದೇನೆ.

— ಏಳನೇ ತರಗತಿ