ಅಮಿನಿಗೆ ಒಂದು ದೋಣಿ

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ವಿಜಯನಗರದಲ್ಲಿ ಕುಳಿತು ಗಾಳಿ, ಅಲೆ, ಹಡಗು ಎಂದು ಲೆಕ್ಕ ಹಾಕುವವರನ್ನು ಕಂಡರೆ ನೆರೆಹೊರೆಯವರಿಗೆ ನಗು ಬರುವುದು ಸಹಜ. ನಮ್ಮ ಕಡೆ ನೀರೆಂದರೆ ಕಾವೇರಿ ನಲ್ಲಿ, ಟ್ಯಾಂಕರು, ಮತ್ತು ಮೂಗು ಮುಚ್ಚಿಕೊಂಡು ದಾಟಬೇಕಾದ ವೃಷಭಾವತಿ. ಕೆಂಗೇರಿಯ ಬಳಿ ಹರಿಯುವ ಆ ಕಪ್ಪು ನೀರು ಕೂಡ ಅರ್ಕಾವತಿಯನ್ನು, ಕಾವೇರಿಯನ್ನು ಸೇರಿ ಕೊನೆಗೆ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಆದರೆ ನಮ್ಮ ಉಪ್ಪನಿಗೆ ಬೇಕಾಗಿದ್ದುದು ಇನ್ನೊಂದು ದಿಕ್ಕಿನ ಕಡಲು.

ಉಪ್ಪ ಮಂಗಳೂರಿನ ಬಂದರಿನವರು. ಹದಿನಾಲ್ಕನೇ ವಯಸ್ಸಿನಿಂದ ಅಲ್ಲಿ ಮೂಟೆ ಹೊತ್ತವರು. ಹಳೆ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತಿದ್ದ ಮಂಜಿಗಳಿಗೆ ಅಕ್ಕಿ, ಹಂಚು, ಇಟ್ಟಿಗೆ ತುಂಬುವುದು. ದ್ವೀಪದಿಂದ ಬಂದ ಕೊಬ್ಬರಿ, ತೆಂಗಿನ ನಾರಿನ ಹುರಿ, ಒಣಗಿಸಿದ ಸೂರೆ ಮೀನು ಇಳಿಸುವುದು. ಹತ್ತು ವರ್ಷ ಮಂಜಿ ತುಂಬಿದರೂ ಒಮ್ಮೆಯೂ ಅದರಲ್ಲಿ ಕುಳಿತು ಅಳಿವೆ ದಾಟಿದವರಲ್ಲ. ಅಮಿನಿ ದ್ವೀಪದ ಒಬ್ಬ ಖಲಾಸಿ ಅವರಿಗೆ ಗೆಳೆಯನಾಗಿದ್ದ. ಪ್ರತಿ ಸಲ ಬರುವಾಗ ಒಣ ಬಾಳೆಲೆಯಲ್ಲಿ ಸುತ್ತಿದ ತೆಂಗಿನಕಾಯಿ ಬೆಲ್ಲದ ಉಂಡೆ ತರುತ್ತಿದ್ದನಂತೆ. 1969ರಲ್ಲಿ ಉಪ್ಪ ಬೆಂಗಳೂರಿಗೆ ಹೊರಟಾಗ ಆತ ಕೈಗೆ ನಲವತ್ತು ರೂಪಾಯಿ ತುರುಕಿದ. "ಆದಾಗ ಕೊಡು" ಎಂದ. ಆ ದುಡ್ಡಿನಿಂದಲೇ ರಾಜಾಜಿನಗರದ ಕಾರ್ಖಾನೆಗಳ ಬದಿಯಲ್ಲಿ ಉಪ್ಪನ ಚಹಾದಂಗಡಿ ಶುರುವಾದದ್ದು. ನಾವು ನಾಲ್ಕು ಮಕ್ಕಳು ಓದಿದ್ದು, ಅಕ್ಕನ ಮದುವೆಯಾದದ್ದು, ಎಲ್ಲವೂ ಆ ಅಂಗಡಿಯಿಂದ. ನಲವತ್ತು ರೂಪಾಯಿ ಮಾತ್ರ ವಾಪಸಾಗಲಿಲ್ಲ. ಮಂಗಳೂರಿಗೆ ಹೋದಾಗಲೆಲ್ಲ ಆ ಮಂಜಿ ಬಂದಿರುತ್ತಿರಲಿಲ್ಲ; ಆಮೇಲೆ ಮಂಜಿಯೇ ಬದಲಾಯಿತು.

2024ರ ಜನವರಿಯಲ್ಲಿ ಪ್ರಧಾನಿಯವರು ಲಕ್ಷದ್ವೀಪಕ್ಕೆ ಹೋಗಿಬಂದ ಮೇಲೆ ಟಿವಿ ತುಂಬ ನೀಲಿ ನೀರು, ಬಿಳಿ ಮರಳು. ಎಪ್ಪತ್ತೆಂಟರ ಉಪ್ಪ ಅದನ್ನು ನೋಡುತ್ತಾ, "ಅಮಿನಿಗೆ ಹೋಗಬೇಕು. ಸಾಲ ಇಟ್ಟುಕೊಂಡು ಸಾಯಬಾರದು" ಎಂದರು. ಅದೇ ಮಾರ್ಚ್ ಕೊನೆಗೆ ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನವೂ ಶುರುವಾಯಿತು. ನಮಗೆ ಖುಷಿ. ಉಪ್ಪ ತಲೆಯಾಡಿಸಲಿಲ್ಲ. "ನಾನು ತುಂಬಿದ ಅಕ್ಕಿ ನೀರಿನ ಮೇಲೆ ಹೋದದ್ದು. ನಾನೂ ಹಾಗೇ ಹೋಗುತ್ತೇನೆ."

ಆಗ ಎದ್ದದ್ದು ಯಾಟಿನ ಮಾತು. ಅಕ್ಕನ ಮಗ ದುಬೈಯಲ್ಲಿದ್ದಾನೆ. ಅಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಬಿಳಿ ದೋಣಿಗಳನ್ನು ದಿನವೂ ನೋಡುವವನು. "ಅಜ್ಜನಿಗಾಗಿ ಒಂದು ಯಾಟ್ ಹಿಡಿಯೋಣ ಮಾಮಾ, ಮಂಗಳೂರಿನಿಂದ ಹೊರಟು ಒಂದೊಂದೇ ದ್ವೀಪ ನೋಡಿಕೊಂಡು ಬರೋಣ, ಖರ್ಚು ನನ್ನದು" ಎಂದ. ಬಸವೇಶ್ವರನಗರದ ಅಕ್ಕನ ಮನೆಯಲ್ಲಿ ಪ್ರತಿ ಭಾನುವಾರ ಸಭೆ. ಭಾವ ಗೋಡೆಗೆ ನಕ್ಷೆ ಅಂಟಿಸಿದರು. ಕ್ಯಾಬಿನ್ ಎಷ್ಟು, ಅಡುಗೆಯವನು ಬರುತ್ತಾನೆಯೇ, ನಮಾಜಿಗೆ ಜಾಗ ಎಲ್ಲಿ ಎಂದೆಲ್ಲ ಚರ್ಚೆ. ನನ್ನ ಹೆಂಡತಿ ಮಾತ್ರ, "ವಾಂತಿ ಬಳಿಯುವವರು ಯಾರು, ಅದನ್ನು ಮೊದಲು ಹೇಳಿ" ಎಂದಳು.

ಫೋನು ಮಾಡುತ್ತಾ ಹೋದಂತೆ ಕಡಲು ಮದುವೆ ಹಾಲ್ ಅಲ್ಲ, ಮುಂಗಡ ಕೊಟ್ಟು ಹಿಡಿಯುವಂಥದ್ದಲ್ಲ ಎಂಬುದು ತಿಳಿಯತೊಡಗಿತು. ನಮ್ಮ ಕರಾವಳಿಯಲ್ಲಿ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿ ಇದೆ. ಲಾವಾ ಆರಿ ಕಂಬಗಳಂತೆ ನಿಂತ ಆ ಕಲ್ಲುಗಳನ್ನು ನೀವೂ ನೋಡಿರಬಹುದು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಮುಳುಗುವ ಆಟದವರನ್ನು ಕರೆದೊಯ್ಯುತ್ತಾರೆ. ಮಳೆಗಾಲದಲ್ಲಿ ಇವೂ ಬಂದ್. ಗೋವಾದಲ್ಲಿ, ಕೊಚ್ಚಿಯಲ್ಲಿ ಯಾಟ್‌ಗಳೇನೋ ಇವೆ. ಆದರೆ ನಾವು ಮಾತಾಡಿಸಿದವರ ದೋಣಿಗಳಿಗೆಲ್ಲ ಹಿನ್ನೀರಿಗೆ, ದಡದ ಸಮೀಪದ ನೀರಿಗೆ ಮಾತ್ರ ಪರವಾನಗಿ. ಹುಟ್ಟುಹಬ್ಬಕ್ಕೆ ಎರಡು ಗಂಟೆ ಸುತ್ತಿಸಿ ಇಳಿಸುತ್ತಾರೆ. ಮಂಗಳೂರಿನಿಂದ ಅಮಿನಿ ನೇರ ಗೆರೆ ಎಳೆದರೂ ಸುಮಾರು 300 ಕಿಲೋಮೀಟರ್. ನಡುವೆ ನಿಲ್ಲಲು ಒಂದು ಬಂಡೆಯೂ ಇಲ್ಲ. ತೆರೆದ ಕಡಲಿಗೆ ಹೋಗಬಲ್ಲ ಒಂದು ದೋಣಿಯವರು ಕೊನೆಗೆ ಸಿಕ್ಕರು. ಅವರು ಹೇಳಿದ ದಿನದ ಬಾಡಿಗೆ ಕೇಳಿ ದುಬೈಯಲ್ಲಿರುವವನೇ ಸುಮ್ಮನಾದ. ಅದರ ಮೇಲೆ ದ್ವೀಪಕ್ಕೆ ಕಾಲಿಡಲು ಪ್ರತಿಯೊಬ್ಬರಿಗೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಅದು. ಮೂವತ್ತಾರು ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ, ಎಲ್ಲ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ಬೇಕಾದವರೆಲ್ಲ ಬೇಕಾದಾಗ ಬಂದಿಳಿದರೆ ಆ ಜನ ಎಲ್ಲಿಗೆ ಹೋಗಬೇಕು? ನಿಯಮ ಕಿರಿಕಿರಿಯೆನಿಸಿದರೂ ನನಗೆ ಅದು ಸರಿಯೆಂದೇ ಕಂಡಿತು.

ಈ ಓಡಾಟದಲ್ಲಿ ಒಂದು ಇತಿಹಾಸ ಕೈಗೆ ಸಿಕ್ಕಿತು. ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಈ ದ್ವೀಪಗಳು ಕಣ್ಣೂರಿನ ಅರಕ್ಕಲ್ ಮನೆತನದ ಕೈಯಲ್ಲಿದ್ದವು. ಆಡಳಿತದ ಕಾಟ ತಾಳಲಾರದೆ 1783ರಲ್ಲಿ ಅಮಿನಿಯ ಕೆಲವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಮುಂದೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು ಟಿಪ್ಪುವಿನ ಪಾಲಿಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅವನ್ನು ಮಂಗಳೂರಿನಿಂದಲೇ ಆಳಿದರು. ದ್ವೀಪದವರು ಹುರಿಯನ್ನು ಸರಕಾರಕ್ಕೇ ಕೊಡಬೇಕು, ಬದಲಿಗೆ ಅಕ್ಕಿ ಪಡೆಯಬೇಕು ಎಂಬ ಏಕಸ್ವಾಮ್ಯ ಬಹಳ ಕಾಲ ನಡೆಯಿತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವ ತನಕ ಅಮಿನಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದೇ ಭಾಗ! ಉಪ್ಪನಿಗೆ ಇದನ್ನು ಓದಿ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ಅವರ ಮಾತು ನಮ್ಮ ಬ್ಯಾರಿ ಮಾತಿಗೆ ಹತ್ತಿರ. ಅವರು ಹೊರಗಿನವರು ಅಂತ ನಮಗೆ ಅನ್ನಿಸಿರಲೇ ಇಲ್ಲ" ಎಂದರು.

2024ರ ಮೇ ತಿಂಗಳಲ್ಲಿ ಪರಾಲಿ ಎಂಬ ವೇಗದ ಹಡಗು ದ್ವೀಪದಿಂದ ಸುಮಾರು ಏಳು ಗಂಟೆಯಲ್ಲಿ ಮಂಗಳೂರು ಮುಟ್ಟಿದ ಸುದ್ದಿ ಬಂದಾಗ ಮತ್ತೆ ಆಸೆ ಚಿಗುರಿತು. ನಾವು ಹೊರಡುವ ಹೊತ್ತಿಗೆ ಅನುಕೂಲವಾಗುವ ಹಡಗು ಅಲ್ಲಿಂದ ಸಿಗಲಿಲ್ಲ. ಹಾಗಾದರೆ ಮಂಜಿಯಲ್ಲೇ ಕುಳಿತು ಹೋದರಾಯಿತು ಎಂಬುದು ಉಪ್ಪನ ವಾದ. ಅದು ಸರಕಿನ ದೋಣಿ, ಜನರನ್ನು ಹತ್ತಿಸುವ ಹಾಗಿಲ್ಲ ಎಂದರೆ ಕೇಳಲೊಲ್ಲರು. 2025ರ ಮೇ ತಿಂಗಳಲ್ಲಿ ಸಿಮೆಂಟು, ಕಟ್ಟಡ ಸಾಮಗ್ರಿ ತುಂಬಿಕೊಂಡು ಮಂಗಳೂರಿನಿಂದ ಕಡಮತ್‌ಗೆ ಹೊರಟಿದ್ದ ಸಲಾಮತ್ ಎಂಬ ಮಂಜಿ ನಡುಗಡಲಲ್ಲಿ ಮುಳುಗಿತು. ಆರು ಮಂದಿ ಸಣ್ಣ ದೋಣಿಗೆ ಹಾರಿ, ಕೋಸ್ಟ್ ಗಾರ್ಡಿನವರ ಕೈಗೆ ಸಿಕ್ಕಿ ಬದುಕಿದರು. ಆ ದಿನ ಉಪ್ಪ ಊಟ ಮಾಡಲಿಲ್ಲ. ಕಳೆದ ಮಂಜಿಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾ ಕುಳಿತರು. ಆಗ ಹುಡುಕಲು ಹೋಗುವವರೂ ಇರಲಿಲ್ಲವಂತೆ. ಮಂಜಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಪ್ರವಾಸಿ ಪ್ಯಾಕೇಜುಗಳಲ್ಲಿ ನಮಗೆ ಕಡಮತ್, ಕವರತ್ತಿ ಸಿಕ್ಕವು, ಅಮಿನಿ ಸಿಗಲಿಲ್ಲ. ಅಲ್ಲಿಗೆ ದ್ವೀಪದವರೇ ಒಬ್ಬರು ನಮ್ಮನ್ನು ಕರೆಸಿಕೊಳ್ಳಬೇಕು. ಅಂದರೆ ಸಾಲ ಕೊಟ್ಟವನನ್ನು ಹುಡುಕದೆ ಸಾಲ ತೀರಿಸಲು ಹೋಗುವಂತಿಲ್ಲ. ನಾನು ಎರಡು ಸಲ ರಾತ್ರಿ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬಂದರಿನ ಅಂಗಡಿಗಳಲ್ಲಿ ವಿಚಾರಿಸಿದೆ. ಇಂದಿಗೂ ದ್ವೀಪಕ್ಕೆ ಅಕ್ಕಿ, ತರಕಾರಿ ಕಳಿಸುವ ವ್ಯಾಪಾರಿಯೊಬ್ಬರು ಮನೆತನದ ಹೆಸರು ಕೇಳಿದ್ದೇ ಫೋನ್ ತೆಗೆದರು. ಯಾಟಿನವರಿಂದ ಒಂದು ವರ್ಷದಲ್ಲಿ ಆಗದ್ದು ಅವರ ಗಲ್ಲದಲ್ಲಿ ಹತ್ತು ನಿಮಿಷದಲ್ಲಿ ಆಯಿತು.

ಖಲಾಸಿ ತೀರಿಕೊಂಡು ಹನ್ನೊಂದು ವರ್ಷವಾಗಿದೆ. ಮಗ ಮಾತಾಡಿದ. ಬಂದರಿನಲ್ಲಿ ಈಜು ಬಾರದ ಒಬ್ಬ ಹುಡುಗನಿದ್ದ ಎಂದು ತಂದೆ ಹೇಳಿ ನಗುತ್ತಿದ್ದರಂತೆ. ದುಡ್ಡಿನ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಉಪ್ಪ ಫೋನ್ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮಗೆ ಕೊಡುವುದು ನನಗೆ ಇದೆ, ನಿಮಗೆ ಗೊತ್ತಿಲ್ಲದಿದ್ದರೂ ಇದೆ" ಎಂದರು. ಎಷ್ಟು ಕೊಡುತ್ತಾರೆಂದು ನಮಗೆ ಹೇಳಿಲ್ಲ. ಚಹಾದಂಗಡಿ ಮಾರಿದ ಹಣದಲ್ಲಿ ಒಂದು ಪಾಲು ಬೇರೆ ಪಾಸ್‌ಬುಕ್ಕಿನಲ್ಲಿದೆ.

ಈಗ ಕೊಚ್ಚಿಯಿಂದ ಹೊರಡುವ ಸರಕಾರಿ ಹಡಗಿನಲ್ಲಿ ಉಪ್ಪ, ಅಕ್ಕ, ನಾನು ಮೂವರೇ ಹೋಗುವುದೆಂದಾಗಿದೆ. ಮಗನ ಒಪ್ಪಿಗೆ ಪತ್ರ ಬಂದಿದೆ. ಪೊಲೀಸರು ಮನೆಗೆ ಬಂದು ವಿಚಾರಿಸಿಕೊಂಡೂ ಹೋದರು. ಅರ್ಜಿಯಲ್ಲಿ ಹೋಗುವ ಕಾರಣ ಬರೆಯಬೇಕಿತ್ತು. "ಸಾಲ ತೀರಿಸಲು ಅಂತ ಬರೆ" ಎಂದರು ಉಪ್ಪ. ಅದನ್ನು ಓದುವ ಅಧಿಕಾರಿಯ ಮುಖ ನೆನೆದು ನಾನು "ಸ್ನೇಹಿತರ ಮನೆಗೆ ಭೇಟಿ" ಎಂದು ಬರೆದೆ. ಪರ್ಮಿಟ್ ಕೈಗೆ ಬರುವುದು ಬಾಕಿ ಇದೆ. ವಾಂತಿ ಮಾತ್ರೆಯನ್ನು ಉಪ್ಪ ಈಗಲೇ ತರಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ.